ರಾಯಚೂರಿನ ಬೇಸಿಗೆಗೆ ತಗಡಿನ ಕೂಲರ್, ಪ್ಲಾಸ್ಟಿಕ್ ಕೂಲರ್, ಎಸಿ: ಬೋರ್ ನೀರಿನ ಮನೆಯೊಂದರ ಲೆಕ್ಕ

ರಾಯಚೂರಿನಲ್ಲಿ ಮಹಡಿಯ ಮನೆಯಲ್ಲಿದ್ದು, ಬೋರ್ ನೀರು ಬಳಸುತ್ತ, ಬೇಸಿಗೆಯ ವಿದ್ಯುತ್ ಬಿಲ್ಲಿಗೆ ಅಂಜುವವರು ತಗಡಿನ ಕೂಲರನ್ನೇ ಕೊಳ್ಳಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಈ ಅಭಿಪ್ರಾಯಕ್ಕೆ ಬರುವ ಮೊದಲು ಹನಿಕೋಂಬ್ ಪ್ಯಾಡಿನ (ನೀರಿನಲ್ಲಿ ನೆನೆದು ಗಾಳಿಯನ್ನು ತಂಪಾಗಿಸುವ, ಜೇನುಗೂಡಿನಂಥ ಕಿಂಡಿಗಳ ಹೊದಿಕೆಯ) ಪ್ಲಾಸ್ಟಿಕ್ ಕೂಲರೊಂದನ್ನು ಹನ್ನೊಂದು ಸಾವಿರ ರೂಪಾಯಿ ಕೊಟ್ಟು ತಂದು ಬಳಸಿದ್ದೇನೆ. ಅಣ್ಣನ ಕುಟುಂಬ ಹೈದರಾಬಾದಿಗೆ ಹೋಗಿದ್ದ ಬೇಸಿಗೆಯಲ್ಲಿ ಅವನ ಮನೆ ಕಾಯುತ್ತ ಒಂದೂವರೆ ಟನ್ನಿನ ಎಸಿಯ ಸುಖವನ್ನೂ ಅದರ ಬಿಲ್ಲನ್ನೂ ಅನುಭವಿಸಿದ್ದೇನೆ. ಈಗ ನಮ್ಮ ಕಿಟಕಿಯ ಹೊರಗೆ ಕಬ್ಬಿಣದ ಸ್ಟ್ಯಾಂಡಿನ ಮೇಲೆ ನಿಂತಿರುವುದು ಏಳು ಸಾವಿರದ ತಗಡಿನ ಕೂಲರ್.

ಕೂಲರ್ ಎಂಬ ಯಂತ್ರವೇ ನಮ್ಮ ಸೀಮೆಯ ಒಣ ಬಿಸಿಲಿಗೆ ಹೇಳಿ ಮಾಡಿಸಿದಂಥದ್ದು. ಒಂದು ಲೀಟರ್ ನೀರು ಆವಿಯಾಗುವಾಗ ಸುತ್ತಲಿನ ಗಾಳಿಯಿಂದ ಸುಮಾರು 2,400 ಕಿಲೋಜೂಲ್ ಶಾಖವನ್ನು ಹೀರಿಕೊಳ್ಳುತ್ತದೆ. ವಿದ್ಯುತ್ತಿನ ಲೆಕ್ಕದಲ್ಲಿ ಹೇಳುವುದಾದರೆ ಇದು ಒಂದು ಯೂನಿಟ್ಟಿನ ಮೂರನೇ ಎರಡು ಭಾಗ. ಗಾಳಿ ಎಷ್ಟು ಒಣಗಿರುತ್ತದೆಯೋ ಅಷ್ಟು ನೀರು ಆವಿಯಾಗುತ್ತದೆ, ಅಷ್ಟು ತಂಪು ಸಿಗುತ್ತದೆ. ಹೊರಗೆ 42 ಡಿಗ್ರಿ ಬಿಸಿಲಿದ್ದು ಗಾಳಿಯ ತೇವಾಂಶ ಶೇ 20ರಷ್ಟಿದ್ದರೆ, ಪ್ಯಾಡುಗಳು ಸರಿಯಾಗಿ ನೆನೆಯುವ ಕೂಲರಿನಿಂದ 28 ಡಿಗ್ರಿಯ ಆಸುಪಾಸಿನ ಗಾಳಿಯನ್ನು ನಿರೀಕ್ಷಿಸಬಹುದು. ಆದರೆ ಆ ಗಾಳಿ ಕೋಣೆಯೊಳಗೆ ಬಂದು, ಎದುರಿನ ಕಿಟಕಿ ಅಥವಾ ಬಾಗಿಲಿನಿಂದ ಹೊರಗೆ ಹೋಗಬೇಕು. ಬಾಗಿಲು ಮುಚ್ಚಿದ ಕೋಣೆಯೊಳಗೇ ಕೂಲರ್ ಇಟ್ಟುಕೊಂಡರೆ ತಾನು ಬಿಟ್ಟ ತೇವದ ಗಾಳಿಯನ್ನೇ ಮತ್ತೆ ಎಳೆದುಕೊಂಡು ಸ್ವಲ್ಪ ಹೊತ್ತಿನಲ್ಲೇ ಮೈ ಜಿಗುಟಾಗಿಸುತ್ತದೆ. ಚಕ್ರಗಳ ಮೇಲೆ ಓಡಾಡುವ ಪ್ಲಾಸ್ಟಿಕ್ ಕೂಲರುಗಳನ್ನು ಕೊಂಡವರು ಅದನ್ನು ಮಂಚದ ಪಕ್ಕದಲ್ಲೇ ಇಡುತ್ತಾರೆ, ನಾವೂ ಹಾಗೆಯೇ ಇಟ್ಟೆವು. ಕಿಟಕಿಯ ಹೊರಗೆ ನಿಲ್ಲುವ ತಗಡಿನ ಕೂಲರಿಗೆ ಈ ತೊಂದರೆ ಇಲ್ಲ, ಏಕೆಂದರೆ ಅದು ಎಳೆದುಕೊಳ್ಳುವುದೆಲ್ಲ ಹೊರಗಿನ ಒಣ ಗಾಳಿ.

ಇಷ್ಟಾದರೂ ಪ್ಲಾಸ್ಟಿಕ್ ಕೂಲರನ್ನು ಸಹಿಸಿಕೊಳ್ಳುತ್ತಿದ್ದೆನೇನೋ. ನನ್ನ ತಾಳ್ಮೆ ಕೆಡಿಸಿದ್ದು ನೀರು. ಆವಿಯಾಗುವುದು ನೀರು ಮಾತ್ರ, ಅದರಲ್ಲಿ ಕರಗಿರುವ ಲವಣಗಳು ಆವಿಯಾಗುವುದಿಲ್ಲ. ಲೀಟರಿಗೆ 1,000 ಮಿಲಿಗ್ರಾಂ ಲವಣವಿರುವ ಬೋರ್ ನೀರು ಒಂದು ಹಗಲು ರಾತ್ರಿಯಲ್ಲಿ 80 ಲೀಟರಿನಷ್ಟು ಖರ್ಚಾದರೆ, 80 ಗ್ರಾಂ ಲವಣ ಕೂಲರಿನ ಹೊಟ್ಟೆಯಲ್ಲೇ ಉಳಿಯುತ್ತದೆ. ಮರುದಿನ ತೊಟ್ಟಿಗೆ ಮತ್ತೆ ನೀರು ತುಂಬಿದಾಗ ಹಳೆಯ ಲವಣದ ಜೊತೆ ಹೊಸದು ಸೇರುತ್ತದೆ. ನೀರಿನಲ್ಲಿರುವ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಕ್ಯಾಲ್ಸಿಯಂ ಕಾರ್ಬೊನೇಟಾಗಿ, ಎಂದರೆ ಸುಣ್ಣದ ಕಲ್ಲಿನದೇ ರೂಪವಾಗಿ, ಪ್ಯಾಡಿನ ಮೇಲೆ ಗಟ್ಟಿಯಾಗಿ ಕೂರುತ್ತದೆ.

ಹನಿಕೋಂಬ್ ಪ್ಯಾಡ್ ಎಂಬುದು ಅಲೆಯಲೆಯಾಗಿ ಮಡಚಿ ಅಂಟಿಸಿದ ದಪ್ಪ ಕಾಗದ. ಅದರ ಸಣ್ಣ ಸಣ್ಣ ಕಿಂಡಿಗಳ ಮೂಲಕ ಗಾಳಿ ಹಾಯಬೇಕು. ಮಾರ್ಚಿನಲ್ಲಿ ಕಂದು ಬಣ್ಣದಲ್ಲಿದ್ದ ನಮ್ಮ ಪ್ಯಾಡುಗಳು ಏಪ್ರಿಲ್ ಮುಗಿಯುವ ಹೊತ್ತಿಗೆ ಬೆಳ್ಳಗಾಗಿ, ಕೆಳಗಿನ ಕಿಂಡಿಗಳು ಮುಚ್ಚಿಹೋಗಿ, ಸರಿಯಾಗಿ ಬಿಸಿಲು ಏರುವ ಸಮಯಕ್ಕೆ ಗಾಳಿಯ ರಭಸ ಅರ್ಧಕ್ಕಿಳಿಯಿತು. ಮೇಲಿನಿಂದ ನೀರು ಇಳಿಸುವ ತೊಟ್ಟಿಯ ತೂತುಗಳಲ್ಲೂ ಇದೇ ಕರಣೆ ಕಟ್ಟಿದ್ದರಿಂದ ಪ್ಯಾಡಿನ ಒಂದು ಬದಿ ನೆನೆಯುತ್ತಿತ್ತು, ಇನ್ನೊಂದು ಬದಿ ಒಣಗಿಯೇ ಇರುತ್ತಿತ್ತು. ಸೂಜಿಯಿಂದ ತೂತು ಬಿಡಿಸಿದೆ, ನಿಂಬೆ ಉಪ್ಪು ಕರಗಿಸಿದ ನೀರು ಓಡಿಸಿದೆ. ಪೊರೆ ಸ್ವಲ್ಪ ಸಡಿಲವಾಯಿತು, ಜೊತೆಗೆ ಕಾಗದದ ಅಂಚೂ ಮೆತ್ತಗಾಗಿ ಉದುರತೊಡಗಿತು.

ತೊಟ್ಟಿಯ ಉಪ್ಪು ನೀರನ್ನು ಆಗಾಗ ಪೂರ್ತಿ ಚೆಲ್ಲಿ ಹೊಸ ನೀರು ತುಂಬುವುದು ಇದಕ್ಕಿರುವ ಒಂದೇ ನೇರ ಉಪಾಯ. ಆದರೆ ಆ ಕೂಲರಿನ ನೀರು ಬಿಡುವ ಬೂಚು ತೊಟ್ಟಿಯ ತಳಕ್ಕಿಂತ ಒಂದು ಬೆರಳಿನಷ್ಟು ಮೇಲಿತ್ತು. ಎಷ್ಟೇ ಬಗ್ಗಿಸಿದರೂ ಒಂದೆರಡು ತಂಬಿಗೆಯಷ್ಟು ಕಡು ಉಪ್ಪು ನೀರು ಒಳಗೇ ನಿಲ್ಲುತ್ತಿತ್ತು, ಮಂಚದ ಕೆಳಗಿನ ಬಂಡೆಯೆಲ್ಲ ತೋಯುತ್ತಿತ್ತು. ಸೇವಾ ಕೇಂದ್ರದವರು ಬಂದು ನೋಡಿ, ಗಡಸು ನೀರಿನಿಂದಾದ ಹಾನಿಗೆ ವಾರಂಟಿ ಅನ್ವಯಿಸುವುದಿಲ್ಲವೆಂದು ವಿನಯದಿಂದ ತಿಳಿಸಿ, ಹೊಸ ಪ್ಯಾಡುಗಳ ಬೆಲೆ ಸಾವಿರದ ಎಂಟುನೂರು ಎಂದರು. ನೆಲದಡಿಯ ನೀರು ಗಡಸಾಗಿರುವ ಊರಿನಲ್ಲಿ ಮಾರುವ ಯಂತ್ರಕ್ಕೆ ಇಂಥ ಷರತ್ತು ಹಾಕುವುದರ ಅರ್ಥ ನನಗೆ ಈಗಲೂ ಹೊಳೆದಿಲ್ಲ.

ತಗಡಿನ ಕೂಲರಿನಲ್ಲೂ ಉಪ್ಪು ಕಟ್ಟುತ್ತದೆ. ವ್ಯತ್ಯಾಸವಿಷ್ಟೇ: ಅದರ ಮೂರು ಬದಿಗೆ ತುಂಬುವ ಹುಲ್ಲಿನ ಪ್ಯಾಡ್, ಎಂದರೆ ಮರದ ತೆಳ್ಳನೆಯ ಎಳೆಗಳ ಚಾಪೆ, ಮೂರು ಬದಿಗೂ ಸೇರಿ ಇನ್ನೂರೈವತ್ತು ಮುನ್ನೂರು ರೂಪಾಯಿಗೆ ಸಿಗುತ್ತದೆ. ಊರಿನ ಪೇಟೆ ತೀನ್ ಕಂದೀಲ್ ಕಡೆಗೆ ಹೋದಾಗ ಬೇಸಿಗೆಯ ಮೊದಲಿಗೆ ಒಂದು ಜೊತೆ, ಮೇ ತಿಂಗಳಿಗೆ ಇನ್ನೊಂದು ಜೊತೆ ತಂದುಕೊಂಡರೆ ಮುಗಿಯಿತು. ಹಳೆಯದನ್ನು ಎಸೆಯಲು ಮನಸ್ಸು ಹಿಂಜರಿಯುವುದಿಲ್ಲ. ಪಂಪ್ ಕೆಟ್ಟರೂ ಅದನ್ನು ಬದಲಿಸಲು ಯಾರನ್ನೂ ಕರೆಯಬೇಕಿಲ್ಲ. ತಳದ ತೂಬು ತೆಗೆದರೆ ತೊಟ್ಟಿ ಪೂರ್ತಿ ಬರಿದಾಗಿ ನೀರು ನೇರ ಅಂಗಳದ ಬೇವಿನ ಬುಡಕ್ಕೆ ಹೋಗುತ್ತದೆ. ವಾರಕ್ಕೊಮ್ಮೆಯಾದರೂ ತೊಟ್ಟಿಯನ್ನು ಉಜ್ಜಿ ಒಣಗಿಸುವುದು ಡೆಂಗಿ ಹರಡುವ ಸೊಳ್ಳೆಯ ದೃಷ್ಟಿಯಿಂದಲೂ ಅಗತ್ಯ. ಈಡಿಸ್ ಸೊಳ್ಳೆಯ ಮೊಟ್ಟೆ ಸೊಳ್ಳೆಯಾಗಲು ವಾರ ಹತ್ತು ದಿನ ಸಾಕು.

ತಗಡಿನ ಕೂಲರಿನ ನಿಜವಾದ ಅಪಾಯ ವಿದ್ಯುತ್ ಆಘಾತ. ಲೋಹದ ಮೈ, ನೀರು, ಮೋಟಾರು ಮೂರೂ ಒಂದೇ ಕಡೆ ಇರುವುದರಿಂದ ಮೂರು ಪಿನ್ನಿನ ಪ್ಲಗ್ಗು, ಸರಿಯಾದ ಅರ್ಥಿಂಗ್, ಕರೆಂಟು ಸೋರಿದರೆ ಕೂಡಲೇ ಸಂಪರ್ಕ ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಇಲ್ಲದ ಮನೆಯವರು ಇದನ್ನು ಕೊಳ್ಳಲೇಬಾರದು. ನೀರು ತುಂಬುವ ಮೊದಲು ಪ್ಲಗ್ಗು ಕಿತ್ತಿಡುವುದು ನಮ್ಮ ಮನೆಯಲ್ಲಿ ಕಟ್ಟುನಿಟ್ಟಿನ ನಿಯಮ. ಚಿಕ್ಕ ಮಕ್ಕಳಿರುವ ಮನೆಗಳಲ್ಲಿ ಪ್ಲಾಸ್ಟಿಕ್ ಮೈಯೇ ವಾಸಿ ಎಂದು ಯಾರಾದರೂ ವಾದಿಸಿದರೆ ನಾನು ಎದುರಾಡುವುದಿಲ್ಲ.

ಎಸಿಯ ತಂಪಿಗೆ ಇವೆರಡೂ ಸಾಟಿಯಲ್ಲ. 2025ರ ಸೆಪ್ಟೆಂಬರ್ 22ರಿಂದ ಅದರ ಮೇಲಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿರುವುದೂ ನಿಜ. ಆದರೆ ಅಣ್ಣನ ಮನೆಯ ಎಸಿ 24 ಡಿಗ್ರಿಯಲ್ಲಿಟ್ಟರೂ ಗಂಟೆಗೆ ಹೆಚ್ಚು ಕಡಿಮೆ ಒಂದು ಯೂನಿಟ್ ತಿನ್ನುತ್ತಿತ್ತು. ರಾತ್ರಿಗೆ ಎಂಟು ಗಂಟೆಯಂತೆ ತಿಂಗಳಿಗೆ 240 ಯೂನಿಟ್ ಅದೊಂದಕ್ಕೇ ಆಯಿತು. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯಲ್ಲಿ ತಿಂಗಳ ಬಳಕೆ 200 ಯೂನಿಟ್ ದಾಟಿದರೆ ದಾಟಿದ ಭಾಗಕ್ಕೆ ಮಾತ್ರವಲ್ಲದೆ ಇಡೀ ಬಿಲ್ಲಿಗೆ ಹಣ ಕಟ್ಟಬೇಕಾಗುವುದರಿಂದ, ಎಸಿ ತಂದ ಮನೆಗೆ ಬೇಸಿಗೆಯ ತಿಂಗಳುಗಳಲ್ಲಿ ಆ ಯೋಜನೆ ಇದ್ದೂ ಇಲ್ಲದಂತೆ. ಕೂಲರ್ ಅಷ್ಟೇ ಹೊತ್ತು ಓಡಿದರೂ ತಿಂಗಳಿಗೆ 50 ಯೂನಿಟ್ ಮುಟ್ಟುವುದಿಲ್ಲ. 1,720 ಮೆಗಾವಾಟ್ ಸಾಮರ್ಥ್ಯದ ಶಾಖೋತ್ಪನ್ನ ಕೇಂದ್ರ ಪಕ್ಕದ ಶಕ್ತಿನಗರದಲ್ಲೇ ಇದ್ದರೂ ನಮ್ಮಲ್ಲಿ ಕರೆಂಟು ಹೋಗುವುದು ನಿಂತಿಲ್ಲ. ಹೋದಾಗ ಕೂಲರ್ ಮನೆಯ ಇನ್ವರ್ಟರಿನ ಮೇಲೆ ಓಡುತ್ತದೆ, ಎಸಿ ಓಡುವುದಿಲ್ಲ.

ಸದ್ದಿನಲ್ಲಿ ತಗಡಿನ ಕೂಲರ್ ಕೊನೆಯ ಸ್ಥಾನಕ್ಕೆ ಯೋಗ್ಯ. ನೋಟದಲ್ಲೂ ಅಷ್ಟೇ. ರಿಮೋಟ್ ಇಲ್ಲ.

ನೀರಿನ ಖರ್ಚು ಮಾತ್ರ ಯೋಚಿಸಬೇಕಾದ ವಿಷಯ. ಬೋರ್ ಬತ್ತಿ ಟ್ಯಾಂಕರ್ ತರಿಸುವ ಮನೆಯವರಿಗೆ ದಿನಕ್ಕೆ 80 ಲೀಟರ್ ಕೂಲರಿಗೆ ಸುರಿಯಿರಿ ಎಂದು ಹೇಳಲಾರೆ. ಜೂನಿನಲ್ಲಿ ಮಳೆಗಾಳಿ ಬೀಸಿ ತೇವಾಂಶ ಶೇ 60ಕ್ಕೆ ಏರಿದ ಮೇಲೆ ಯಾವ ಕೂಲರಾದರೂ ನಾಲ್ಕೈದು ಡಿಗ್ರಿಗಿಂತ ಹೆಚ್ಚು ತಂಪು ಕೊಡದು. ಆಗ ನಾವು ಪಂಪ್ ನಿಲ್ಲಿಸಿ ಬರೀ ಫ್ಯಾನ್ ಓಡಿಸುತ್ತೇವೆ. ಹಾಸಿಗೆ ಹಿಡಿದ ಹಿರಿಯರಿರುವ ಮನೆಗಾದರೆ ಎಸಿಯನ್ನೇ ಸೂಚಿಸುತ್ತೇನೆ. ಕಿಟಕಿ ತೆರೆದು ಮಲಗುವ ರೂಢಿಯಿದ್ದು, ಬೆಳಿಗ್ಗೆ ತೊಟ್ಟಿಗೆ ಪೈಪು ಹಿಡಿಯಲು ಬೇಸರವಿಲ್ಲದ ನಮ್ಮಂಥವರಿಗೆ ತಗಡಿನ ಕೂಲರ್ ಸಾಕು. ಎಸಿಗೆಂದು ತೆಗೆದಿಟ್ಟಿದ್ದ ಹಣದಲ್ಲಿ ಸ್ವಲ್ಪ ಭಾಗ ಮಾಳಿಗೆಗೆ ಬಿಳಿ ಸುಣ್ಣ ಬಳಿಸಲು ಹೋಯಿತು, ಉಳಿದದ್ದು ಬ್ಯಾಂಕಿನಲ್ಲಿದೆ.