ಮೇಜಿನ ಮೇಲಿನ ಕೋಟೆಗೆ ಯಾವ ಕಲ್ಲು: ಪಿಒಪಿ, ಡೆಂಟಲ್ ಸ್ಟೋನ್, ಫೋಮ್

ಮೇಜಿನ ಮೇಲೆ ಪುಟ್ಟ ಬೊಂಬೆಗಳನ್ನಿಟ್ಟು ಆಡುವ ಟೇಬಲ್‌ಟಾಪ್ ಆಟಗಳಿಗೆ ಗೋಡೆ, ಬಾಗಿಲು, ಬುರುಜು ಕಟ್ಟುವವರು ವಸ್ತು ಆರಿಸುವಾಗ ಬೆಲೆ ನೋಡುತ್ತಾರೆ, ಗಟ್ಟಿತನ ನೋಡುತ್ತಾರೆ. ನಾನು ನೋಡುವುದು ಅಂಚನ್ನು. ಬೆರಳ ತುದಿಯಷ್ಟು ದೊಡ್ಡ ಕಲ್ಲಿನ ಮೂಲೆ ಚೂಪಾಗಿ ಉಳಿದರೆ ಬಣ್ಣದ ಕೆಲಸ ಅರ್ಧ ಮುಗಿದ ಹಾಗೆ. ಮೂಲೆ ಸವೆದರೆ ಎಂಥ ದುಬಾರಿ ಬಣ್ಣವೂ ಅದನ್ನು ಕಲ್ಲಾಗಿಸಲಾರದು. ಒಂದೇ ವಿನ್ಯಾಸದ ಕೋಟೆಬಾಗಿಲನ್ನು ಪ್ಲಾಸ್ಟರ್ ಆಫ್ ಪ್ಯಾರಿಸ್ (ಪಿಒಪಿ), ಹಲ್ಲಿನ ವೈದ್ಯರು ದವಡೆಯ ಮಾದರಿಗೆ ಬಳಸುವ ಡೆಂಟಲ್ ಸ್ಟೋನ್, ಫೋಮ್ ಈ ಮೂರರಲ್ಲೂ ಕಟ್ಟಿ, ಬಣ್ಣ ಹಚ್ಚಿ, ಆಟಕ್ಕೆ ಬಳಸಿದ ಮೇಲೆ ಹೇಳುತ್ತಿರುವ ಮಾತಿದು.

ವಿನ್ಯಾಸ ಚಿತ್ರದುರ್ಗದ ಕೋಟೆಯದ್ದು. ಈ ಹವ್ಯಾಸದಲ್ಲಿ ಸಿಗುವ ಅಚ್ಚುಗಳಲ್ಲಿ ಹೆಚ್ಚಿನವು ಯುರೋಪಿನ ಕೋಟೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದವು. ಸಿಲಿಕೋನ್ ಅಚ್ಚಿನಲ್ಲಿ ಪುಟ್ಟ ಕಲ್ಲುಗಳನ್ನು ಎರಕ ಹೊಯ್ದು, ಒಂದೊಂದಾಗಿ ಅಂಟಿಸಿ ಕಟ್ಟಡ ಎಬ್ಬಿಸುವ ಪದ್ಧತಿಯನ್ನು ನಾನು ಕಲಿತದ್ದು ಅಮೆರಿಕದ ಬ್ರೂಸ್ ಹರ್ಸ್ಟ್ ಅವರ ಹರ್ಸ್ಟ್ ಆರ್ಟ್ಸ್ ಅಚ್ಚುಗಳಿಂದ. ಪದ್ಧತಿ ಅವರದ್ದಿರಲಿ, ಕಲ್ಲು ನಮ್ಮದಾಗಲಿ ಎಂದು ಗಾರೆಯಿಲ್ಲದೆ ಒಂದರ ಮೇಲೊಂದು ಒತ್ತಿ ಕೂರುವ ದುರ್ಗದ ಗ್ರಾನೈಟ್ ದಿಮ್ಮಿಗಳ ಮಾದರಿಯನ್ನು ನಾನೇ ಕೆತ್ತಿ ಅಚ್ಚು ತೆಗೆದೆ. ಬೊಂಬೆಗಳು 28 ಮಿ.ಮೀ. ಅಳತೆಯವು. ನೆಲಹಾಸು ಒಂದು ಅಂಗುಲದ ಚೌಕ, ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಆಟದ ಲೆಕ್ಕದಲ್ಲಿ ಐದು ಅಡಿ.

ಪಿಒಪಿ, ಡೆಂಟಲ್ ಸ್ಟೋನ್ ಎರಡೂ ರಾಸಾಯನಿಕವಾಗಿ ಒಂದೇ. ಜಿಪ್ಸಂ ಕಾಯಿಸಿ, ಅದರೊಳಗಿನ ನೀರಿನಲ್ಲಿ ಮುಕ್ಕಾಲು ಪಾಲನ್ನು ಓಡಿಸಿದಾಗ ಸಿಗುವ ಪುಡಿ ಅದು. ವ್ಯತ್ಯಾಸವಿರುವುದು ಕಾಯಿಸುವ ಬಗೆಯಲ್ಲಿ. ತೆರೆದ ಪಾತ್ರೆಯಲ್ಲಿ ಕಾಯಿಸಿದರೆ ಹರಳುಗಳು ಒರಟಾಗಿ, ತೂತುತೂತಾಗಿ ಒಡೆಯುತ್ತವೆ, ಅದು ಪಿಒಪಿ. ಒತ್ತಡದ ಹಬೆಯಲ್ಲಿ ಕಾಯಿಸಿದರೆ ದಟ್ಟವಾದ, ಒಪ್ಪವಾದ ಹರಳು ಬರುತ್ತದೆ, ಅದು ಡೆಂಟಲ್ ಸ್ಟೋನ್. ತೂತುಗಳಿರುವ ಪುಡಿ ನೀರನ್ನು ಕುಡಿಯುತ್ತಲೇ ಇರುತ್ತದೆ. 100 ಗ್ರಾಂ ಪುಡಿ ಗಟ್ಟಿಯಾಗಲು ನಿಜವಾಗಿ ಬೇಕಾದ ನೀರು ಸುಮಾರು 18.6 ಮಿ.ಲೀ. ಮಾತ್ರ. ಡೆಂಟಲ್ ಸ್ಟೋನ್ 28ರಿಂದ 30 ಮಿ.ಲೀ.ನಲ್ಲಿ ಅಚ್ಚಿಗೆ ಇಳಿಯುತ್ತದೆ. ಕಟ್ಟಡದ ಅಂಗಡಿಯ ಪಿಒಪಿ ನನ್ನ ಅನುಭವದಲ್ಲಿ 60 ಮಿ.ಲೀ. ಕೇಳುತ್ತದೆ. ಹೆಚ್ಚಿಗೆ ಹೋದ ನೀರು ಆರಿದ ಮೇಲೆ ಅದಿದ್ದ ಜಾಗವೆಲ್ಲ ಟೊಳ್ಳು. ಪಿಒಪಿ ಕಲ್ಲಿನ ಮೂಲೆಯನ್ನು ಉಗುರಿನಿಂದ ಕೆರೆದರೆ ಉದುರುವುದು ಈ ಟೊಳ್ಳಿನಿಂದಲೇ.

ಹೊಯ್ಯುವ ಕ್ರಮ ಎರಡಕ್ಕೂ ಒಂದೇ. ನೀರಿನ ಮೇಲೆ ಪುಡಿ ಉದುರಿಸಬೇಕು, ಪುಡಿಗೆ ನೀರು ಸುರಿಯಬಾರದು. ಪುಡಿ ತಾನಾಗಿ ನೆನೆದ ಮೇಲೆ ಗಾಳಿ ಸೇರದಂತೆ ನಿಧಾನವಾಗಿ ಕಲಸಿ, ಅಚ್ಚಿನ ಒಂದು ಮೂಲೆಯಿಂದ ತೆಳುವಾಗಿ ಹರಿಯಬಿಟ್ಟು, ಮೇಜನ್ನು ಕೆಳಗಿನಿಂದ ತಟ್ಟುತ್ತಾ ಇದ್ದರೆ ಗುಳ್ಳೆಗಳು ಮೇಲೆ ಬರುತ್ತವೆ. ಮಿಕ್ಕ ಹಿಟ್ಟನ್ನು ಸಿಂಕಿಗೆ ಸುರಿಯುವ ಯೋಚನೆಯೇ ಬೇಡ. ಅದು ಕೊಳವೆಯೊಳಗೆ ಕಲ್ಲಾಗುತ್ತದೆ.

ಜೋಡಣೆಯಲ್ಲಿ ಇನ್ನೊಂದು ಅಂತರ ಕಾಣುತ್ತದೆ. ಗಾಜಿನ ಹಲಗೆಯ ಮೇಲೆ ಮೂಲೆಮಟ್ಟ ಇಟ್ಟು, ಪ್ರತಿ ಕಲ್ಲಿನ ಹಿಂಬದಿಯನ್ನು ಮರಳು ಕಾಗದದ ಮೇಲೆ ಉಜ್ಜಿ, ಫೆವಿಕಾಲ್ ಹಚ್ಚಿ ಕೂರಿಸುತ್ತೇನೆ. ಪಿಒಪಿ ಅಂಟಿನ ನೀರನ್ನು ತಟ್ಟನೆ ಹೀರಿಬಿಡುತ್ತದೆ. ಕಲ್ಲನ್ನು ಅತ್ತಿತ್ತ ಸರಿಸಲು ಸಮಯವೇ ಸಿಗದು, ಹಾಗಾಗಿ ಕೂಡುವ ಮುಖವನ್ನು ಒದ್ದೆ ಕುಂಚದಿಂದ ಮೊದಲೇ ಸವರಿಕೊಳ್ಳಬೇಕು. ಡೆಂಟಲ್ ಸ್ಟೋನ್ ಸಾವಧಾನವಾಗಿ ಹೊಂದಿಸಲು ಬಿಡುತ್ತದೆ. ಬಾಗಿಲ ಮೇಲಿನ ತೊಲೆ ಕೂರಿಸುವಾಗ ಆ ಸಾವಧಾನ ಎಷ್ಟು ದೊಡ್ಡದೆಂದು ಕಟ್ಟಿದವರಿಗೆ ಗೊತ್ತು.

ಇನ್ನು ಬಣ್ಣ. ಇದನ್ನು ಓದುವವರಲ್ಲಿ ಹಲವರು ನೇರ ಇಲ್ಲಿಗೇ ಬಂದಿರುತ್ತೀರಿ, ನನಗೂ ಪ್ರೀತಿಯ ಭಾಗ ಇದೇ. ಮೊದಲ ಲೇಪಕ್ಕೆ ಕಪ್ಪು ಕಂದು ಅಕ್ರಿಲಿಕ್ ಬಣ್ಣ, ಸ್ವಲ್ಪ ಫೆವಿಕಾಲ್, ಧಾರಾಳ ನೀರು. ಸಂದುಗಳಿಗೆ ಹೊಕ್ಕಬೇಕು. ಆಮೇಲೆ ಬಣ್ಣ. ನೀವು ನೋಡುವ ಬಹುತೇಕ ಪಾಠಗಳು ಕಡುಬೂದು, ನಡುಬೂದು, ತಿಳಿಬೂದು ಎನ್ನುತ್ತವೆ. ನಮ್ಮ ಬಯಲುಸೀಮೆಯ ಬಂಡೆ ಆ ಬಣ್ಣದ್ದಲ್ಲ. ದುರ್ಗದ ಗೋಡೆಯನ್ನು ಇಳಿಬಿಸಿಲಿನಲ್ಲಿ ನೋಡಿದವರಿಗೆ ಅದರ ಮೈಯಲ್ಲಿ ಮಣ್ಣಿನ ಕಂದು, ತೆಳು ಗುಲಾಬಿ ಕಾಣುತ್ತವೆ, ಮಳೆನೀರು ಇಳಿದ ಕಡೆ ಉದ್ದುದ್ದ ಕರಿ ಪಟ್ಟೆಗಳು. ಅದಕ್ಕೆ ಬೂದು ಬಣ್ಣಕ್ಕೆ ಸುಟ್ಟ ಕಂದು ಬೆರೆಸಿ ಶುರುಮಾಡಿ, ದಂತವರ್ಣಕ್ಕೆ ಒಂದು ಹನಿ ಗುಲಾಬಿ ಸೇರಿಸಿ ಮುಗಿಸುತ್ತೇನೆ. ಎಲ್ಲವೂ ಒಣ ಕುಂಚದ ಕೆಲಸ: ಅಗಲ ಕುಂಚಕ್ಕೆ ಬಣ್ಣ ತಾಗಿಸಿ, ಬಟ್ಟೆಗೆ ಒರೆಸಿ, ಉಳಿದ ಪಸೆಯನ್ನಷ್ಟೇ ಅಂಚುಗಳ ಮೇಲೆ ಸವರುವುದು. ಕೊನೆಗೆ ಕೋಟೆಗೋಡೆಯ ನೆತ್ತಿಯ ಹಲ್ಲುಗಳಂಥ ತೆನೆಗಳ ಕೆಳಗೆ ನೀರಾದ ಕಪ್ಪು ಕಂದನ್ನು ಮೇಲಿನಿಂದ ಕೆಳಕ್ಕೆ ಇಳಿಯಬಿಡುತ್ತೇನೆ.

ಒಣ ಕುಂಚಕ್ಕೆ ಚೂಪು ಅಂಚೇ ಆಧಾರ. ಡೆಂಟಲ್ ಸ್ಟೋನ್ ಗೋಡೆಯ ಮೇಲೆ ಕುಂಚ ಆಡಿಸಿದರೆ ಪ್ರತಿ ದಿಮ್ಮಿಯ ಗೆರೆ ತಾನಾಗಿ ಬೆಳಗುತ್ತದೆ. ಪಿಒಪಿಯಲ್ಲಿ ಅಂಚು ದುಂಡಾದ ಕಡೆ ಬಣ್ಣ ಮಚ್ಚೆಯಾಗಿ ಹರಡುತ್ತದೆ, ಜೋರಾಗಿ ಉಜ್ಜಿದರೆ ಒಳಗಿನ ಬಿಳಿ ಹೊರಬರುತ್ತದೆ. ಅಂಗಡಿಯಲ್ಲಿ ಸಿಗುವ ಡೆಂಟಲ್ ಸ್ಟೋನ್ ಹೆಚ್ಚಾಗಿ ಹಳದಿ ಬಣ್ಣದ್ದು. ಆಟದ ನಡುವೆ ಚೂರು ಎದ್ದರೂ ಹೊಸದಾಗಿ ಒಡೆದ ಕಲ್ಲಿನಂತೆ ಕಾಣುತ್ತದೆ. ಪಿಒಪಿ ಎದ್ದರೆ ಸುಣ್ಣದ ಚುಕ್ಕೆ ದೂರದಿಂದಲೇ ಕಣ್ಣಿಗೆ ಹೊಡೆಯುತ್ತದೆ.

ಫೋಮ್ ಎಂದರೆ ಥರ್ಮೊಕೋಲ್ ಅಲ್ಲ. ಛಾವಣಿಗೆ ಶಾಖ ತಡೆಯಲು ಹಾಸುವ ಎಕ್ಸ್‌ಪಿಎಸ್ ಹಲಗೆ, ಕೊಯ್ದರೆ ಮಣಿಮಣಿಯಾಗಿ ಉದುರದು. ಕಾದ ತಂತಿಯಿಂದ ಬೇಗ ಕತ್ತರಿಸಬಹುದು, ಮುದ್ದೆ ಮಾಡಿದ ಅಲ್ಯೂಮಿನಿಯಂ ಹಾಳೆ ಒತ್ತಿ ಉರುಳಿಸಿದರೆ ಕಲ್ಲಿನ ಒರಟು ಮೂಡುತ್ತದೆ. ವೇಗದಲ್ಲಿ, ಹಗುರದಲ್ಲಿ ಇದಕ್ಕೆ ಸಾಟಿಯಿಲ್ಲ. ಬೇರೆಯವರ ಮನೆಗೆ ಆಟ ಹೊತ್ತೊಯ್ಯುವವರು ಇದನ್ನೇ ಆರಿಸಲಿ. ಆದರೆ ಸ್ಪ್ರೇ ಡಬ್ಬಿಯ ಬಣ್ಣ ನೇರವಾಗಿ ತಾಗಿದರೆ ಅದರೊಳಗಿನ ದ್ರಾವಕ ಫೋಮನ್ನು ಕರಗಿಸುತ್ತದೆ. ಮೊದಲು ಅಂಟು ಬೆರೆಸಿದ ಬಣ್ಣದ ಕವಚ ಕೊಡಲೇಬೇಕು. ಆ ಕವಚ ದಪ್ಪವಾದಷ್ಟೂ ನೀವು ಕೊರೆದ ಗೆರೆಗಳು ತುಂಬಿಕೊಳ್ಳುತ್ತವೆ. ಮೇಜಿಗೆ ಕೈ ತಗುಲಿದರೆ ಗೋಡೆ ಜಾರುತ್ತದೆ, ಲೋಹದ ಬೊಂಬೆಯ ಭಾರಕ್ಕೆ ತೆಳು ಬುರುಜು ವಾಲುತ್ತದೆ.

ಡೆಂಟಲ್ ಸ್ಟೋನ್ ಬೆಲೆ ಪಿಒಪಿಯ ಹಲವು ಪಟ್ಟು. ಹಾಗಾಗಿ ಕಣ್ಣಿಗೆ ಬೀಳುವ ಹೊರಮುಖ, ತೆನೆ, ಮೆಟ್ಟಿಲು, ಬಾಗಿಲ ಚೌಕಟ್ಟು ಮಾತ್ರ ಅದರಲ್ಲಿ. ಗೋಡೆಯ ಒಳತುಂಬು, ಕೋಟೆಯ ಸುತ್ತಲಿನ ಉರುಟು ಬಂಡೆಗಳು ಪಿಒಪಿಯಲ್ಲಿ. ಬಂಡೆಗೆ ದುಂಡು ಅಂಚೇ ಚೆಂದ. ಅಡಿಯ ಗುಡ್ಡ ಫೋಮಿನದು. ಎರಕಕ್ಕೆ ಬೇಸಿಗೆಯೇ ಸರಿಯಾದ ಕಾಲ. ಮಳೆಗಾಲದಲ್ಲಿ ಕಲ್ಲುಗಳು ಪೂರ್ತಿ ಒಣಗುವುದು ನಿಧಾನ, ತೆರೆದ ಚೀಲದ ಪುಡಿ ತೇವ ಹೀರಿ ಕೆಡುತ್ತದೆ. ಎರಡೂ ಪುಡಿಗಳನ್ನು ಬಿಗಿ ಮುಚ್ಚಳದ ಡಬ್ಬಿಗೆ ತುಂಬಿಸಿ, ಕೊಂಡ ತಿಂಗಳನ್ನು ಮೇಲೆ ಬರೆದಿಡಿ.