ಶಿರಸಿಯ ಆಸ್ಪತ್ರೆಯೊಂದರಲ್ಲಿ ಕಂಡ ಅರಿವಳಿಕೆ ಮತ್ತು ನೋವಿನ ಆರೈಕೆ

ಮೂಳೆ ಮುರಿದವರನ್ನು ಆಸ್ಪತ್ರೆಗೆ ಸೇರಿಸುವಾಗ ನಮ್ಮ ಕಡೆಯವರು ಸರ್ಜನ್ ಯಾರೆಂದು ವಿಚಾರಿಸುತ್ತಾರೆಯೇ ಹೊರತು, ಅರಿವಳಿಕೆ ಕೊಡುವವರು ಯಾರು, ಆಪರೇಷನ್ ಆದ ಮೇಲೆ ನೋವನ್ನು ನೋಡಿಕೊಳ್ಳುವವರು ಯಾರು ಎಂದು ಕೇಳುವುದಿಲ್ಲ. ಪಾಚಿಗಟ್ಟಿದ ಅಂಗಳದಲ್ಲಿ ಜಾರಿ ಸೊಂಟದ ಕೀಲಿನ ಬಳಿ ಮೂಳೆ ಮುರಿದುಕೊಂಡ ನಮ್ಮ ಆಯಿಯನ್ನು ಹುಬ್ಬಳ್ಳಿಗೆ ಒಯ್ಯದೆ ಶಿರಸಿಯ ಖಾಸಗಿ ಆಸ್ಪತ್ರೆಯೊಂದಕ್ಕೆ ಸೇರಿಸಿದ್ದೆವು. ಅಲ್ಲಿ ಈ ಎರಡು ವಿಷಯಗಳಲ್ಲಿ ಸಿಕ್ಕ ಸೇವೆಯ ಬಗ್ಗೆಯಷ್ಟೇ ಇಲ್ಲಿ ಬರೆಯುತ್ತಿದ್ದೇನೆ.

ಎಲ್ಲಕ್ಕಿಂತ ಮೆಚ್ಚಬೇಕಾದದ್ದು ಆಪರೇಷನ್ನಿಗೆ ಮೊದಲೇ ಸಿಕ್ಕ ಉಪಶಮನ. ಎಕ್ಸ್‌ರೇ ಮುಗಿದ ಕೂಡಲೇ ಅರಿವಳಿಕೆ ತಜ್ಞರು ಬಂದು, ಅಲ್ಟ್ರಾಸೌಂಡ್ ಪರದೆಯಲ್ಲಿ ಜಾಗ ನೋಡಿಕೊಂಡು, ತೊಡೆಸಂದಿನ ನರಗಳ ಸುತ್ತ ಮರಗಟ್ಟಿಸುವ ಔಷಧಿಯ ಇಂಜೆಕ್ಷನ್ ಕೊಟ್ಟರು. ಹಾಸಿಗೆಯ ಬಟ್ಟೆ ಮುಟ್ಟಿದರೂ ಕೂಗುತ್ತಿದ್ದ ಆಯಿ ಸ್ವಲ್ಪ ಹೊತ್ತಿನಲ್ಲಿ ಮೈ ಸರಿಸಲು ಒಪ್ಪಿದಳು. ಸೊಂಟ ಮುರಿದವರಿಗೆ ಇಂತಹ ನರ್ವ್ ಬ್ಲಾಕ್ ಕೊಟ್ಟರೆ ಅರ್ಧ ಗಂಟೆಯೊಳಗೆ ಅಲುಗಾಟದ ನೋವು ತಗ್ಗುತ್ತದೆ, ವೃದ್ಧರಲ್ಲಿ ಆಪರೇಷನ್ ಸುತ್ತಮುತ್ತ ಕಾಣುವ ಬುದ್ಧಿಭ್ರಮೆಯೂ ಕಡಿಮೆಯಾಗುತ್ತದೆ ಎಂದು ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ ಕಾಕ್ರೇನ್ ಎಂಬ ಸಂಸ್ಥೆಯ 2020ರ ಪರಿಶೀಲನೆ ಹೇಳುತ್ತದೆ. ದೊಡ್ಡ ಊರಿಗೆ ಹೋಗದೆಯೇ ಇದು ಸಿಕ್ಕಿತೆಂಬುದು ನನಗೆ ನಿಜವಾದ ಸಂತೋಷ.

ಉಪವಾಸದ ವಿಷಯವನ್ನೂ ಅವರು ಬಿಡಿಸಿ ಹೇಳಿದರು. ನಾವು ಬೆಳಿಗ್ಗೆ ಒಂದು ಲೋಟ ಕಷಾಯ ಕೊಡೋಣವೆಂದಿದ್ದೆವು. ಹಾಲು ಬೆರೆತರೆ ಅದು ಊಟದ ಲೆಕ್ಕಕ್ಕೇ ಸೇರುವುದರಿಂದ 6 ಗಂಟೆ ಮೊದಲೇ ನಿಲ್ಲಿಸಬೇಕು, ಬರಿ ನೀರಾದರೆ 2 ಗಂಟೆ ಮೊದಲಿನವರೆಗೂ ಕುಡಿಯಬಹುದು ಎಂದರು.

ಬೆನ್ನಿಗೆ ಇಂಜೆಕ್ಷನ್ ಕೊಡಬೇಕೋ, ಪೂರ್ತಿ ಪ್ರಜ್ಞೆ ತಪ್ಪಿಸಬೇಕೋ ಎಂಬ ಪ್ರಶ್ನೆ ಬಂದಾಗ ತಜ್ಞರು ಯಾವುದನ್ನೂ ಹೊಗಳಲಿಲ್ಲ. ಅಮೆರಿಕ ಮತ್ತು ಕೆನಡಾದಲ್ಲಿ ಇಂತಹ 1,600 ರೋಗಿಗಳ ಮೇಲೆ ನಡೆದು 2021ರಲ್ಲಿ ಪ್ರಕಟವಾದ ರೀಗೇನ್ ಅಧ್ಯಯನದಲ್ಲಿಯೂ, 60 ದಿನಗಳ ನಂತರ ಬದುಕಿರುವುದರಲ್ಲಾಗಲಿ ನಡೆಯುವುದರಲ್ಲಾಗಲಿ ಬೆನ್ನಿನ ಅರಿವಳಿಕೆ ಮೇಲೆಂದು ಕಂಡುಬಂದಿರಲಿಲ್ಲ. ಆಯಿಯ ದಮ್ಮು, ರಕ್ತದೊತ್ತಡ, ರಕ್ತ ತೆಳುವಾಗಿಸುವ ಮಾತ್ರೆಗಳ ವಿವರ ಕೇಳಿಕೊಂಡೇ ಅವರು ಬೆನ್ನಿನ ಇಂಜೆಕ್ಷನ್ ಆರಿಸಿದರು. ಅದರಿಂದ ಜೀವನಪೂರ್ತಿ ಬೆನ್ನುನೋವು ಬರುತ್ತದೆ ಎಂಬ ನೆರೆಕೆರೆಯವರ ಹೆದರಿಕೆಯನ್ನೂ ತಾಳ್ಮೆಯಿಂದ ನಿವಾರಿಸಿದರು: ಚುಚ್ಚಿದ ಜಾಗ ಕೆಲವು ದಿನ ನೋಯಬಹುದು, ಅಷ್ಟೇ.

ಆದರೆ ರಾತ್ರಿಯ ಆರೈಕೆ ಈ ಮಟ್ಟದಲ್ಲಿರಲಿಲ್ಲ. ಬೆನ್ನಿನ ಇಂಜೆಕ್ಷನ್‌ನ ಪ್ರಭಾವ ಕೆಲವೇ ಗಂಟೆಗಳದ್ದು; ಅದು ಇಳಿಯುವ ಮೊದಲೇ ಗಡಿಯಾರ ನೋಡಿ ಪ್ಯಾರಾಸಿಟಮಾಲ್ ಕೊಡುತ್ತ ಹೋದರೆ ಟ್ರಮಡಾಲ್‌ನಂತಹ, ವಾಕರಿಕೆ ತರಿಸುವ ಬಲವಾದ ನೋವಿನ ಔಷಧಿಗಳ ಅಗತ್ಯ ಕಡಿಮೆಯಾಗುತ್ತದೆ. ಹಾಗೆಯೇ ಕೊಡಬೇಕೆಂದು ತಜ್ಞರು ಬರೆದಿಟ್ಟಿದ್ದರೂ, ರಾತ್ರಿ ಪಾಳಿಯಲ್ಲಿ ನಾವು ಹೋಗಿ ಕರೆದಾಗಲೇ ಔಷಧಿ ಬರುತ್ತಿತ್ತು. ಸೊನ್ನೆಯಿಂದ ಹತ್ತರವರೆಗೆ ನೋವು ಎಷ್ಟಿದೆ ಎಂದು ಹಗಲಿನಲ್ಲಿ ಕೇಳುತ್ತಿದ್ದವರು ರಾತ್ರಿ ಕೇಳಲೇ ಇಲ್ಲ. ಆಯಿಯಂಥವರು ತಾವಾಗಿ ನೋವು ಹೇಳಿಕೊಳ್ಳುವವರಲ್ಲ. ಅಂಥವರನ್ನು ಕೇಳಿಯೇ ತಿಳಿಯಬೇಕು. ಜೊತೆಗೆ ಉಳಿಯುವವರು ಔಷಧಿಯ ವೇಳೆಯನ್ನು ತಾವೇ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಡಿಸ್ಚಾರ್ಜ್ ಚೀಟಿ ಪೂರ್ತಿ ಇಂಗ್ಲಿಷ್‌ನಲ್ಲಿತ್ತು. ಮೂತ್ರಪಿಂಡ ದುರ್ಬಲವಿರುವ ವೃದ್ಧರಿಗೆ ಡೈಕ್ಲೊಫೆನಾಕ್‌ನಂತಹ ನೋವಿನ ಮಾತ್ರೆಗಳನ್ನು ಅಂಗಡಿಯಿಂದ ತಂದು ಕೊಡಬಾರದೆಂಬ ಸೂಚನೆ ಅದರ ಕೊನೆಯ ಸಾಲಿನಲ್ಲಿತ್ತು. ಅದನ್ನಾದರೂ ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ, ಮೊದಲ ಸಾಲಿಗೆ ತರಬೇಕೆಂದು ಆಡಳಿತದವರಿಗೆ ಬರೆದುಕೊಟ್ಟು ಬಂದಿದ್ದೇನೆ.