ನ್ಯೂಜೆರ್ಸಿ ಹಿತ್ತಲಿಗೆ ಫಾಲ್ ಗಡ್ಡೆಗಳು: ಯಾವುದಕ್ಕೆ ದುಡ್ಡು ಹಾಕಬಹುದು?

ಇದು ಫಾಲ್‌ನಲ್ಲಿ, ಅಂದರೆ ಚಳಿಗಾಲಕ್ಕೆ ಮುಂಚೆ ಎಲೆ ಉದುರುವ ಕಾಲದಲ್ಲಿ, ನೆಟ್ಟು ವಸಂತದಲ್ಲಿ ಹೂ ನೋಡುವ ಗಡ್ಡೆಗಳ ಮಾತು. ಮನೆ ಹಿಂದೆ ಜಿಂಕೆ ಓಡಾಡುತ್ತಿದ್ದರೆ ಗಡ್ಡೆಗೆ ಇಟ್ಟ ದುಡ್ಡಿನ ದೊಡ್ಡ ಪಾಲನ್ನು ಡ್ಯಾಫೊಡಿಲ್‌ಗೆ ಹಾಕಿ. ಟ್ಯೂಲಿಪ್ ಆಮೇಲೆ. ನಮ್ಮೂರ ಕಡೆಯ ಎಷ್ಟೋ ಜನ ಇಲ್ಲಿ ಮನೆ ಕೊಂಡ ಮೊದಲ ಫಾಲ್‌ನಲ್ಲೇ ಚೀಲಗಟ್ಟಲೆ ಟ್ಯೂಲಿಪ್ ತಂದು ನೆಡುತ್ತಾರೆ. ಏಪ್ರಿಲ್‌ನಲ್ಲಿ ಮೊಗ್ಗು ಕಾಣುತ್ತದೆ, ಮರುದಿನ ಬೆಳಿಗ್ಗೆ ನೋಡಿದರೆ ಬರೀ ದಂಟು. ನೋಡಿದರೆ ಹೊಟ್ಟೆ ಉರಿಯುತ್ತದೆ.

ನಾನಿರುವುದು ನ್ಯೂಜೆರ್ಸಿಯ ನಡುಭಾಗದಲ್ಲಿ. ಹಿತ್ತಲು ಸಣ್ಣದು, ಅದರಾಚೆ ಕಾಡು. ಈಚೆಗೆ ನಾನು ಗಡ್ಡೆ ತರಿಸುವುದು ವರ್ಜೀನಿಯಾದ ಗ್ಲಾಸ್ಟರ್‌ನಲ್ಲಿರುವ ಬ್ರೆಂಟ್ ಅಂಡ್ ಬೆಕೀಸ್ ಬಲ್ಬ್ಸ್‌ನಿಂದ. ಅದು ಒಂದು ಕುಟುಂಬ ನಡೆಸುವ ವ್ಯಾಪಾರ. ಡ್ಯಾಫೊಡಿಲ್ ಅಂದರೆ ಅವರಿಗೆ ಪ್ರಾಣ. ಆರ್ಡರ್ ಬೇಸಿಗೆಯಲ್ಲೇ ಕೊಡಬಹುದು, ಗಡ್ಡೆ ಬರುವುದು ನೆಡುವ ಕಾಲಕ್ಕೆ. ನನಗೆ ಬಂದ ಗಡ್ಡೆಗಳು ಕೈಯಲ್ಲಿ ಹಿಡಿದರೆ ತೂಕವಾಗಿದ್ದವು, ಗಟ್ಟಿಯಾಗಿದ್ದವು. ಅದಕ್ಕೇ ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತೇನೆ.

ಅಂಗಡಿಯಲ್ಲೇ ಕೊಳ್ಳುವವರಿಗೂ ಇದೇ ಮಾತು. ಚೀಲದ ಮೇಲಿನ ಚಿತ್ರ ನೋಡಬೇಡಿ, ಸಂತೆಯಲ್ಲಿ ಈರುಳ್ಳಿ ಆರಿಸುವ ಹಾಗೆ ಒತ್ತಿ ನೋಡಿ. ಮೇಲಿನ ಕಂದು ಸಿಪ್ಪೆ ಉದುರಿದ್ದರೆ ತೊಂದರೆ ಇಲ್ಲ. ಮೆತ್ತಗಾಗಿದ್ದರೆ ಅಥವಾ ಹಗುರವಾಗಿ ಒಣಗಿದ್ದರೆ ಬೇಡ. ಹತ್ತಿರದ ಒಂದು ದೊಡ್ಡ ಅಂಗಡಿಯಿಂದ ತಂದ ಚೀಲದಲ್ಲಿ ಅರ್ಧ ಗಡ್ಡೆ ಒಳಗೇ ಕೊಳೆತಿದ್ದವು. ಇನ್ನೊಂದು ನೋಡಬೇಕಾದ್ದು ಗಾತ್ರ. ಟ್ಯೂಲಿಪ್ ಗಡ್ಡೆಯ ಸುತ್ತಳತೆಯನ್ನು ಸೆಂಟಿಮೀಟರ್‌ನಲ್ಲಿ ಬರೆದಿರುತ್ತಾರೆ. 12 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಒಳ್ಳೆಯ ಮಾಲು. 10/11 ಎಂದಿದ್ದರೆ ಗಡ್ಡೆ ಸಣ್ಣದು, ಹೂವೂ ಸಣ್ಣದೇ. ಅಗ್ಗದ ಚೀಲಗಳಲ್ಲಿ ಸಾಮಾನ್ಯವಾಗಿ ಇರುವುದು ಇಂಥವೇ.

ಈಗ ಡ್ಯಾಫೊಡಿಲ್. ಇದರ ಗಡ್ಡೆಯಲ್ಲಿ ಲೈಕೊರಿನ್ ಎಂಬ ವಿಷ ಇದೆ. ಜಿಂಕೆ, ಅಳಿಲು ಮುಟ್ಟುವುದು ತೀರಾ ಅಪರೂಪ. ರಟ್ಗರ್ಸ್ ವಿಶ್ವವಿದ್ಯಾಲಯ ಮಾಡಿರುವ ಜಿಂಕೆ ತಿನ್ನುವ, ತಿನ್ನದ ಗಿಡಗಳ ಪಟ್ಟಿಯಲ್ಲೂ ಇದು ಅಪರೂಪಕ್ಕೆ ಹಾಳಾಗುವ ಗುಂಪಿನಲ್ಲಿದೆ. ಆದರೆ ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಗಡ್ಡೆಯನ್ನು ಅಡುಗೆಮನೆ ಕಟ್ಟೆ ಮೇಲೆ ಖಂಡಿತ ಇಡಬೇಡಿ, ನೋಡಲು ಈರುಳ್ಳಿಯೇ! ನನಗೆ ತುಂಬ ಹಿಡಿಸಿದ ಜಾತಿ 'ಟೆಟ್ ಅ ಟೆಟ್'. ಗೇಣುದ್ದದ ಗಿಡ, ಒಂದೇ ಕಡ್ಡಿಯಲ್ಲಿ ಎರಡು ಮೂರು ಹಳದಿ ಹೂ. ಚಳಿ ಇನ್ನೂ ಪೂರ್ತಿ ಹೋಗಿರುವುದಿಲ್ಲ, ಆಗಲೇ ಅರಳಿಬಿಡುತ್ತದೆ. ಮೆಟ್ಟಿಲ ಪಕ್ಕಕ್ಕೆ ಇದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ಸ್ವಲ್ಪ ತಡವಾಗಿ ಬರುವ ಬಿಳಿ ಹೂವಿನ 'ಥಾಲಿಯಾ'ಗೆ ಪರಿಮಳವೂ ಇದೆ. ವರ್ಷ ಕಳೆದಂತೆ ಎರಡೂ ಹಿಂಡು ಹಿಂಡಾಗಿ ಹೆಚ್ಚುತ್ತವೆ. ಹಾಕಿದ ದುಡ್ಡು ಮರಳಿ ಬಂದ ಹಾಗೇ ಅಲ್ವಾ?

ಟ್ಯೂಲಿಪ್ ಬೇಕೇ ಬೇಕು ಅನ್ನುವವರಿಗೆ ಡಾರ್ವಿನ್ ಹೈಬ್ರಿಡ್ ಗುಂಪಿನವು ವಾಸಿ. ಕೆಂಪು 'ಆಪಲ್‌ಡೋರ್ನ್' ನನ್ನಲ್ಲಿ ಮರುವರ್ಷವೂ ಬಂತು. ಕಪ್ಪೇ ಅನ್ನಿಸುವಷ್ಟು ಗಾಢ ನೇರಳೆಯ 'ಕ್ವೀನ್ ಆಫ್ ನೈಟ್' ಎಷ್ಟು ಚೆಂದ ಅಂದರೆ ಹೋಗಿಬರುವವರೆಲ್ಲ ನಿಂತು ನೋಡುತ್ತಿದ್ದರು. ಎರಡನೇ ವರ್ಷ ಬರೀ ಎಲೆ. ಅದನ್ನು ಒಂದು ವರ್ಷದ ಹೂ ಎಂದುಕೊಂಡೇ ಕೊಳ್ಳಬೇಕು, ಅದೂ ಬೇಲಿ ಒಳಗೆ.

ಮೇ ತಿಂಗಳಿಗೆ ನನ್ನ ಆಯ್ಕೆ ಆಲಿಯಮ್ 'ಪರ್ಪಲ್ ಸೆನ್ಸೇಶನ್'. ಈರುಳ್ಳಿ ಕುಲದ್ದು, ಆ ವಾಸನೆಗೆ ಜಿಂಕೆ ದೂರ. ಎರಡು ಮೂರು ಅಡಿ ಎತ್ತರದ ಕಡ್ಡಿ, ತುದಿಯಲ್ಲಿ ನೇರಳೆ ಚೆಂಡು. ದುಂಬಿ, ಜೇನ್ನೊಣಗಳಿಗೆ ಹಬ್ಬ. ಒಂದೇ ಕೊರತೆ ಅಂದರೆ ಹೂ ಅರಳುವ ಹೊತ್ತಿಗೆ ಬುಡದ ಎಲೆ ಹಳದಿಯಾಗಿ ಸೊರಗುತ್ತದೆ. ಮುಂದೆ ಬೇರೆ ಗಿಡ ಇದ್ದರೆ ಅದು ಕಾಣುವುದಿಲ್ಲ. ಹಯಸಿಂತ್ ಪರಿಮಳ ನನಗೆ ಇಷ್ಟ, ಗಡ್ಡೆ ಮುಟ್ಟಿದರೆ ಮಾತ್ರ ಕೆಸುವಿನ ದಂಟು ಹೆಚ್ಚಿದಾಗಿನ ತುರಿಕೆ. ಕೈಗವಸು ಹಾಕಿಕೊಳ್ಳಿ.

ನೆಡುವುದಕ್ಕೆ ಆತುರ ಬೇಡ. ಸೆಪ್ಟೆಂಬರ್‌ನಲ್ಲಿ ಅಂಗಡಿಗೆ ಬಂತು ಅಂತ ಆಗಲೇ ಮಣ್ಣಿಗೆ ಹಾಕಬಾರದು. ಮಣ್ಣು 60 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ತಣ್ಣಗಾಗಬೇಕು. ನಮ್ಮಲ್ಲಿ ಅಕ್ಟೋಬರ್ ಕೊನೆಯಿಂದ ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ತನಕ ಸರಿಯಾದ ಕಾಲ. ಗಡ್ಡೆಯ ಎತ್ತರದ ಮೂರರಷ್ಟು ಆಳ, ಚೂಪು ತುದಿ ಮೇಲೆ. ಟ್ಯೂಲಿಪ್ ನೆಟ್ಟ ಕಡೆ ಕೋಳಿಗೂಡಿಗೆ ಹಾಕುವ ತಂತಿ ಬಲೆ ಹಾಸಿ ಮೇಲೆ ಎಲೆಗೊಬ್ಬರ ಹರಡಿ, ಇಲ್ಲದಿದ್ದರೆ ಅಳಿಲು ಅಂದೇ ಕೆದಕುತ್ತದೆ. ಮೂಳೆಪುಡಿ ಬೇಡ, ಅದರ ವಾಸನೆಗೆ ಪ್ರಾಣಿಗಳು ಬರುತ್ತವೆ. ಹೂ ಮುಗಿದ ಮೇಲೆ ಎಲೆಯನ್ನು ಕತ್ತರಿಸಬೇಡಿ, ಜಡೆ ಹೆಣೆದು ಕಟ್ಟಬೇಡಿ. ತಾನಾಗಿ ಹಳದಿಯಾಗುವ ತನಕ ಬಿಡಿ. ಮುಂದಿನ ವರ್ಷದ ಹೂವಿಗೆ ಗಡ್ಡೆ ಅನ್ನ ಕೂಡಿಡುವುದು ಆಗಲೇ.

ಸೆಪ್ಟೆಂಬರ್‌ನಲ್ಲಿ ಎಲ್ಲ ಅಂಗಡಿ ಮುಂದೆಯೂ ಸೇವಂತಿಗೆ ಕುಂಡ ಸಾಲಾಗಿ ಇಟ್ಟಿರುತ್ತಾರೆ. ನವರಾತ್ರಿಗೆ ಬೇಕೇ ಬೇಕು, ನಾನೂ ತರುತ್ತೇನೆ. ಪೂರ್ತಿ ಅರಳಿದ್ದನ್ನು ಬಿಟ್ಟು ಮೊಗ್ಗು ಬಿಗಿಯಾಗಿರುವುದನ್ನು ಆರಿಸಿ, ಜಾಸ್ತಿ ದಿನ ಬರುತ್ತದೆ. ಆದರೆ ತಡವಾಗಿ ನೆಲಕ್ಕೆ ನೆಟ್ಟರೆ ಬೇರು ಹಿಡಿಯುವ ಮೊದಲೇ ಚಳಿ ಬಂದು ಗಿಡ ಸಾಯುತ್ತದೆ. ಚಳಿ ತಡೆದು ವಸಂತದಲ್ಲಿ ಮತ್ತೆ ಹೂ ಬಿಡಲಿ ಅನ್ನುವವರು ಪ್ಯಾನ್ಸಿ ತನ್ನಿ.

ಗಡ್ಡೆ ನೆಡುವ ಕಾಲಕ್ಕೇ ಇನ್ನೊಂದು ಕೆಲಸವೂ ಇದೆ, ಡೇರೆ ಹೂವಿನ (ಡೇಲಿಯಾ) ಗಡ್ಡೆ ಕೀಳುವುದು. ಸಾಗರದ ನಮ್ಮ ಮನೆಯಲ್ಲಿ ಮಳೆಗಾಲಕ್ಕೆ ಮುಂಚೆ ಅಮ್ಮ ಡೇರೆ ಗಡ್ಡೆ ಮಣ್ಣಿಗೆ ಹಾಕುತ್ತಿದ್ದರು. ಅಕ್ಕಪಕ್ಕದ ಮನೆಯವರು ಬಣ್ಣ ಹೇಳಿ ಕೇಳಿ ಒಯ್ಯುತ್ತಿದ್ದರು, ತಾವೂ ತಂದು ಕೊಡುತ್ತಿದ್ದರು. ಇಲ್ಲಿ ನೆಲ ಹೆಪ್ಪುಗಟ್ಟುವುದರಿಂದ ಗಡ್ಡೆ ಒಳಗೆ ಉಳಿಯುವುದಿಲ್ಲ. ಮೊದಲ ಹಿಮಕ್ಕೆ ಎಲೆ ಕಪ್ಪಾದ ಮೇಲೆ ಕಿತ್ತು, ಮಣ್ಣು ಕೊಡವಿ, ಒಣ ಮರದ ಹೊಟ್ಟಿನಲ್ಲಿ ಹುಗಿದು, ಹೆಪ್ಪುಗಟ್ಟದ ತಣ್ಣನೆಯ ಬೇಸ್‌ಮೆಂಟ್‌ನಲ್ಲಿ ಇಡಬೇಕು. ಡೇರೆಗೆ ಮಾತ್ರ ಅಂಗಡಿ ಬೇಡ ಅನ್ನುತ್ತೇನೆ. ಅಕ್ಕಪಕ್ಕದಲ್ಲಿ ಬೆಳೆಸುವವರಿದ್ದರೆ ಗಡ್ಡೆ ಬಿಡಿಸುವಾಗ ಒಂದೆರಡು ಕೇಳಿ ಇಸಿದುಕೊಳ್ಳಿ. ಹಳೆಯ ಕಾಂಡದ ತುಂಡು, ಅದರಲ್ಲೊಂದು ಕಣ್ಣು ಇರಬೇಕು. ಕಣ್ಣಿಲ್ಲದ ಗಡ್ಡೆ ಎಷ್ಟು ದಪ್ಪಗಿದ್ದರೂ ಮೊಳೆಯುವುದಿಲ್ಲ.